ಹೊಸ ವಿಂಡೋ ತೆರೆಯದ ವನಜಮ್ಮನವರು

ತುಮಕೂರು ಜಿಲ್ಲೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಎಂಬುದು ಮೂಲೆಯ ಕೋಣೆಯೊಂದರಲ್ಲಿ ಬೀಗದೊಳಗಿದ್ದು, ಚಪ್ಪಲಿ ಹೊರಗೆ ಬಿಟ್ಟು ಕೈಕಟ್ಟಿಕೊಂಡು ನೋಡಿ ಬರಬೇಕಾಗಿದ್ದ ದಿನಗಳಿಂದ ಹಿಡಿದು, ಹಳ್ಳಿಯ ತಾಯಿಯೊಬ್ಬರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಕೈಯಲ್ಲಿರುವ ಫೋನಿನಲ್ಲೇ ಮಗಳ ಅರ್ಜಿ ತುಂಬುವ ಇಂದಿನ ದಿನದವರೆಗೆ, ಈ ಕ್ಷೇತ್ರದ ಜೊತೆಜೊತೆಗೇ ನಡೆದು ಬಂದ ಕೆಲವೇ ಕೆಲವರಲ್ಲಿ ಶ್ರೀಮತಿ ಟಿ.ಎನ್. ವನಜಮ್ಮನವರು ಒಬ್ಬರು. ಶಿಂಷಾಮೂಲ ವಿದ್ಯಾಸಂಘದ ಗುಬ್ಬಿ, ತುಮಕೂರು ಹಾಗೂ ಕುಣಿಗಲ್ ಸಂಸ್ಥೆಗಳಲ್ಲಿ ಮೂವತ್ತೇಳು ವರ್ಷ ದುಡಿದು, 2025ರ ಮೇ 31ರಂದು ಅವರು ನಿವೃತ್ತರಾದರು. ಅವರ ಸಮಯಪಾಲನೆ, ಸರಳತೆ, ಸಹೋದ್ಯೋಗಿಗಳ ಮೇಲಿನ ಅಕ್ಕರೆ ಇವುಗಳ ಬಗ್ಗೆ ಈ ಅಭಿನಂದನ ಸಂಪುಟದಲ್ಲಿ ಬೇರೆ ಲೇಖಕರು ಬರೆದಿದ್ದಾರೆ, ಬರೆದದ್ದೆಲ್ಲ ನಿಜ. ಈ ಲೇಖನ ಅವರ ಹಟದ ಕುರಿತಾದದ್ದು.

ವೆಬ್‌ಸೈಟಿನಲ್ಲಿ ಒಂದು ಲಿಂಕನ್ನು ಒತ್ತಿದರೆ ಅದು ನೋಡುತ್ತಿದ್ದ ವಿಂಡೋದಲ್ಲೇ ತೆರೆಯಬೇಕೇ, ಇಲ್ಲವೇ ಅದರ ಮೇಲೆ ಇನ್ನೊಂದು ಹೊಸ ವಿಂಡೋ ಹಾರಿ ಬರಬೇಕೇ? ಕೇಳಿದವರು ನಕ್ಕು ಮುಂದೆ ಹೋಗುವಷ್ಟು ಸಣ್ಣ ಪ್ರಶ್ನೆ. ಈ ಸಣ್ಣ ಪ್ರಶ್ನೆಗಾಗಿ ವನಜಮ್ಮನವರು ಒಂಬತ್ತು ವರ್ಷ ಕಾದಾಡಿದರು, ವರ್ಗಾವಣೆಗೊಂಡರು, ಮರಳಿ ಬಂದರು, ತಾವೇ ತಪ್ಪು ಮಾಡಿ ಒಪ್ಪಿಕೊಂಡರು, ಕೊನೆಯ ದಿನದವರೆಗೂ ಬಗ್ಗಲಿಲ್ಲ. ಅಭಿನಂದನೆಯ ಪುಸ್ತಕದಲ್ಲಿ ಜಗಳದ ವಿಷಯ ಏಕೆ, ಅದನ್ನು ಬಿಟ್ಟರೆ ಬರಹ ಇನ್ನೂ ಸೊಗಸಾಗುತ್ತದೆ ಎಂದು ಸಂಪಾದಕ ಮಂಡಳಿಯ ಹಿರಿಯರೊಬ್ಬರು ಸೂಚಿಸಿದರು. ಬಿಟ್ಟರೆ ಬರಹ ಉಳಿದೀತು, ವನಜಮ್ಮನವರು ಉಳಿಯುವುದಿಲ್ಲ. ಆದ್ದರಿಂದ ಬಿಟ್ಟಿಲ್ಲ.

ಗುಬ್ಬಿ ಪಟ್ಟಣದಲ್ಲಿ ಹುಟ್ಟಿ ಬೆಳೆದ ವನಜಮ್ಮನವರು ಪದವಿ ಮುಗಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬೆರಳಚ್ಚು ಸೀನಿಯರ್ ಪರೀಕ್ಷೆ ಪಾಸು ಮಾಡಿಕೊಂಡು, 1988ರಲ್ಲಿ ಸಂಘದ ಗುಬ್ಬಿ ಕಾಲೇಜಿಗೆ ಬೆರಳಚ್ಚು ಬೋಧಕಿಯಾಗಿ ಸೇರಿದರು. ಕೋಣೆಯಲ್ಲಿ ಏಳು ಟೈಪ್‌ರೈಟರುಗಳಿದ್ದವು. ಮಕ್ಕಳು ಕೀಲಿ ನೋಡಿಕೊಂಡು ಒತ್ತಬಾರದೆಂದು ಪ್ರತಿಯೊಂದರ ಮೇಲೂ ಒಂದು ಟವಲು ಹೊದಿಸುತ್ತಿದ್ದರು. ಹೊದಿಸಿ, ತಾವು ಹಾಳೆಯ ಕಡೆ ನೋಡದೆ ಮಕ್ಕಳ ಕೈಗಳ ಕಡೆಗೇ ನೋಡುತ್ತ ಕೂರುತ್ತಿದ್ದರು. ಅಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಮೂರು ಸಲ ಪರೀಕ್ಷೆಯಲ್ಲಿ ನಪಾಸಾದಾಗ ಎಲ್ಲರೂ ಅವಳ ಕೈ ಓಡುವುದೇ ಇಲ್ಲವೆಂದರು. ವನಜಮ್ಮನವರು ಎರಡು ದಿನ ಅವಳ ಪಕ್ಕದಲ್ಲಿ ಕುಳಿತು ನೋಡಿದರು. ಅವಳು ಕೂರುತ್ತಿದ್ದ ಸ್ಟೂಲು ಎತ್ತರವಾಗಿತ್ತು, ಮಣಿಕಟ್ಟು ಕೆಳಕ್ಕೆ ಮುರಿದುಕೊಂಡು ಒತ್ತಬೇಕಾಗುತ್ತಿತ್ತು. ಬಡಗಿಯನ್ನು ಕರೆಸಿ ಸ್ಟೂಲಿನ ಕಾಲುಗಳನ್ನು ಎರಡೂವರೆ ಅಂಗುಲ ಕೊಯ್ಸಿದರು. ಸಂಸ್ಥೆಯ ಪೀಠೋಪಕರಣವನ್ನು ಅನುಮತಿಯಿಲ್ಲದೆ ಕೊಯ್ಸಿದ್ದಕ್ಕೆ ವಿವರಣೆ ಕೇಳಿದ ಮೆಮೋ ಬಂತು. ಹುಡುಗಿ ಪಾಸಾದಳು. ಅವರ ಸೇವಾ ಪುಸ್ತಕದಲ್ಲಿ ದಾಖಲಾದ ಮೊದಲ ಮೆಮೋ ಅದು, ಕೊನೆಯದಂತೂ ಖಂಡಿತ ಅಲ್ಲ.

2003ರಲ್ಲಿ ಟೈಪ್‌ರೈಟರುಗಳು ಗೋದಾಮು ಸೇರಿದವು. ಮೂವತ್ತೆಂಟರ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತು, ಪರೀಕ್ಷೆ ಬರೆದು, ವನಜಮ್ಮನವರು ತುಮಕೂರಿನ ಕೇಂದ್ರ ಕಚೇರಿಗೆ ಬಂದರು. ಪತಿ ಗಂಗಣ್ಣನವರು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರಿಂದ ಸಂಸಾರಕ್ಕೂ ಇದು ಅನುಕೂಲವಾಯಿತು. 2006ರಲ್ಲಿ ಸಂಘಕ್ಕೆ ವೆಬ್‌ಸೈಟ್ ಬೇಕೆಂದಾಯಿತು. ಹೊರಗಿನವರನ್ನು ಕರೆಸದೆ ವನಜಮ್ಮನವರೇ ಅದನ್ನು ಕಟ್ಟಿದರು. ಅಂದಿನ ಕಾರ್ಯದರ್ಶಿ ವೀರಭದ್ರಯ್ಯನವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಒಂದೊಂದು ಪುಟವನ್ನೂ ನೋಡಿ ಸಂತೋಷಪಟ್ಟರು. ಸಂಘವನ್ನು ಮಗುವಿನಂತೆ ಸಾಕಿದ ಹಿರಿಯರು ಅವರು, ಅದರ ಹೆಸರು ಎಲ್ಲೂ ಮರೆಯಾಗಬಾರದೆಂಬ ಕಾಳಜಿ ಅವರದು.

"ನಮ್ಮನೆಗೆ ಬಂದೋರು ನಮ್ಮನೆ ಬಿಟ್ಟು ಹೋಗ್ಬಾರ್ದು ವನಜಮ್ಮ," ಎಂದರು. "ಏನ್ ಒತ್ತಿದ್ರೂ ಬೇರೆ ವಿಂಡೋದಲ್ಲಿ ತೆರ್ಕೊಳ್ಳಿ. ನಮ್ಮದು ಹಿಂದ್ಗಡೆ ಇದ್ದೇ ಇರ್ಬೇಕು."

ವನಜಮ್ಮನವರು ಹಾಗೆಯೇ ಮಾಡಿದರು. ಅಂದು ಅವರಿಗೂ ಅದರಲ್ಲಿ ದೋಷ ಕಾಣಲಿಲ್ಲ. ಹತ್ತು ವರ್ಷಗಳಲ್ಲಿ ವೆಬ್‌ಸೈಟ್ ಬೆಳೆಯಿತು, ಲಿಂಕುಗಳು ಮುನ್ನೂರು ದಾಟಿದವು. ಅವೆಲ್ಲಕ್ಕೂ ಹೊಸ ವಿಂಡೋ ತೆರೆಸುವ ಕೋಡಿನ ಒಂದು ಸಾಲನ್ನು ಸೇರಿಸಿದ ಕೈ ವನಜಮ್ಮನವರದೇ. ಮುಂದೆ ಈ ಮಾತು ಬಂದಾಗಲೆಲ್ಲ ಅವರು ಇದನ್ನು ಮರೆಮಾಚದೆ ಹೇಳುತ್ತಿದ್ದರು.

2016ರ ಜೂನ್ ತಿಂಗಳಲ್ಲಿ ಒಂದು ದಿನ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯಿಂದ ರಂಗಮ್ಮ ಎಂಬ ಹೆಂಗಸು ಮಗಳು ಕೃತಿಕಾಳನ್ನು ಕರೆದುಕೊಂಡು ತುಮಕೂರಿನ ಕಚೇರಿಗೆ ಬಂದರು. ಕೃತಿಕಾಗೆ ಸಂಘದ ತುಮಕೂರು ಕಾಲೇಜಿನಲ್ಲಿ ಪಿಯುಸಿ ಸೀಟು ಸಿಕ್ಕಿತ್ತು. ಕ್ಯಾತ್ಸಂದ್ರದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಆ ವರ್ಷದಿಂದ ವೆಬ್‌ಸೈಟಿನಲ್ಲಿ ಮಾತ್ರ ಅರ್ಜಿ. ಕೊನೆಯ ದಿನ ತಾಯಿ ಮಗಳು ಗುಬ್ಬಿ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಮೂರು ಗಂಟೆ ಕುಳಿತಿದ್ದರೂ ಅರ್ಜಿ ಹೋಗಿರಲಿಲ್ಲ. ಗಡುವು ಮುಗಿದಿದೆ, ಏನೂ ಮಾಡಲಾಗದು ಎಂದು ಮುಂದಿನ ಮೇಜಿನವರು ಹೇಳಿ ಕಳಿಸುತ್ತಿದ್ದರು. ವನಜಮ್ಮನವರು ಇಬ್ಬರನ್ನೂ ಒಳಗೆ ಕರೆದು ಕೂರಿಸಿ, ಎಲ್ಲಿ ತೊಡಕಾಯಿತೆಂದು ಕೇಳಿದರು.

"ಏನ್ ಮಾಡನಮ್ಮ," ಎಂದರು ರಂಗಮ್ಮ. "ಒಂದ್ ಒತ್ತಿದ್ರೆ ಅದ್ರ ಮೇಲೆ ಇನ್ನೊಂದ್ ಬತ್ತೈತೆ, ಅದ್ನ ಒತ್ತಿದ್ರೆ ಮತ್ತೊಂದ್ ಬತ್ತೈತೆ. ಹಿಂದಕ್ ಹೋಗೋ ಬಾಣ ಐತಲ್ಲ, ಅದು ಮಾಸ್ಲಾಗಿತ್ತು. ಎಷ್ಟ್ ಒತ್ತಿದ್ರೂ ಅಲ್ಲಾಡ್ನಿಲ್ಲ. ಆಮೇಲೆ ಮಿಷನ್ನೇ ನಿಂತೋಯ್ತು. ಅಲ್ಲಿದ್ದೋರು ಬಂದು, ಏನ್ರಮ್ಮ ಇಷ್ಟೊಂದ್ ತೆಗ್ದಿದೀರ ಅಂತ ಒಂದೊಂದಾಗಿ ಮುಚ್ಚಿದ್ರು. ಅದ್ರಲ್ಲಿ ನಾವ್ ಬರ್ದಿದ್ದೂ ಮುಚ್ಚೋಯ್ತು."

ಕೃತಿಕಾ ತಲೆ ತಗ್ಗಿಸಿಕೊಂಡು, "ನಂಗೇ ಗೊತ್ತಾಗ್ಲಿಲ್ಲ ಮಿಸ್, ತಪ್ಪು ನಂದೇ," ಎಂದಳು.

ವನಜಮ್ಮನವರು ತಮ್ಮ ಕಂಪ್ಯೂಟರಿನಲ್ಲಿ ಸಂಘದ ವೆಬ್‌ಸೈಟ್ ತೆರೆದು, ತಾಯಿ ಮಗಳು ಹೋದ ದಾರಿಯಲ್ಲೇ ಹೋದರು. ಹಾಸ್ಟೆಲ್ ಎಂದು ಒತ್ತಿದರೆ ಒಂದು ವಿಂಡೋ, ನಿಯಮಗಳು ಎಂದರೆ ಮತ್ತೊಂದು, ಅರ್ಜಿಗೆ ಇನ್ನೊಂದು, ಪ್ರಮಾಣಪತ್ರದ ನಮೂನೆಗೆ ಮಗದೊಂದು. ಹೊಸದಾಗಿ ತೆರೆದ ವಿಂಡೋಗೆ ಹಿಂದಿನ ಪುಟವೆಂಬುದೇ ಇರುವುದಿಲ್ಲವಾದ್ದರಿಂದ ಪ್ರತಿಯೊಂದರಲ್ಲೂ ಹಿಂದಕ್ಕೆ ಹೋಗುವ ಬಾಣ ಮಾಸಲಾಗಿ, ಸತ್ತಂತೆ ನಿಂತಿತ್ತು. ದಿನಾ ಆ ವೆಬ್‌ಸೈಟಿನಲ್ಲೇ ಇರುವ ವನಜಮ್ಮನವರು ಹತ್ತು ವರ್ಷದಲ್ಲಿ ಒಮ್ಮೆಯೂ ಆ ಬಾಣದ ಕಡೆ ನೋಡಿರಲಿಲ್ಲ. ಅವರಿಗೆ ಬಂದ ದಾರಿ ಗೊತ್ತಿತ್ತು, ಬಾಣದ ಅಗತ್ಯವಿರಲಿಲ್ಲ.

ಅವರು ಕಾರ್ಯದರ್ಶಿಗಳ ಬಳಿಗೆ ಹೋಗಿ ಬೇಡಿಕೊಂಡರು. ಗಡುವು ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕಾಗುತ್ತದೆ ಎಂಬ ಉತ್ತರ ಬಂತು. ಕೃತಿಕಾ ಐದು ವಾರ ಎರಡು ಬಸ್ಸು ಹತ್ತಿ ಇಳಿದು ಕಾಲೇಜಿಗೆ ಬಂದಳು, ಆರನೆಯ ವಾರ ಬಿಟ್ಟಳು. ವಿಷಯ ತಿಳಿದ ಭಾನುವಾರ ವನಜಮ್ಮನವರು ಹುಡುಕಿಕೊಂಡು ಅವರ ಮನೆಗೆ ಹೋದರು. "ನಿನ್ನ ತಪ್ಪೇನೂ ಇಲ್ಲ ಕಣಮ್ಮ, ಆ ದಾರಿ ಮುಚ್ಚಿದ್ದು ನಾನೇ," ಎಂದು ಆ ಹುಡುಗಿಗೆ ಹೇಳಿದರು. ರಂಗಮ್ಮ ಗಾಬರಿಯಾಗಿ, ಹಂಗೆಲ್ಲ ಅನ್ಬೇಡಿ ಬುಡಿ ಎಂದು ಕಾಫಿ ಮಾಡಿಕೊಟ್ಟರು. ಮುಂದಿನ ವರ್ಷ ಕೃತಿಕಾಳನ್ನು ಗುಬ್ಬಿ ಕಾಲೇಜಿಗೆ ಸೇರಿಸಲು ವನಜಮ್ಮನವರೇ ಓಡಾಡಿದರು, ಅವಳು ಓದಿ ಮುಗಿಸಿದಳು. ಆದರೆ ಕಳೆದುಹೋದ ಆ ಒಂದು ವರ್ಷವನ್ನು ಅವಳಿಗೆ ಯಾರೂ ಹಿಂದಿರುಗಿಸಿಲ್ಲ. ಆ ಲೋಪವನ್ನು ಅಭಿನಂದನೆಯ ಈ ಪುಟಗಳಲ್ಲೂ ಹೇಳಲೇಬೇಕು.

ಸಿ.ಎಸ್. ಪುರದಿಂದ ಬಂದ ಮರುದಿನವೇ ಅವರು ಕೆಲಸಕ್ಕೆ ಕೂತರು. ಮುನ್ನೂರ ಹನ್ನೆರಡು ಲಿಂಕುಗಳಿಂದ ಆ ಸಾಲನ್ನು ಒಂದೊಂದಾಗಿ ಕಿತ್ತುಹಾಕಲು ಮೂರು ದಿನ ಹಿಡಿಯಿತು. ಯಾರನ್ನೂ ಕೇಳಲಿಲ್ಲ. ಎರಡು ತಿಂಗಳ ಮೇಲೆ ವೀರಭದ್ರಯ್ಯನವರ ಗಮನಕ್ಕೆ ಬಂದು, ಮೊದಲಿನಂತೆ ಮಾಡಬೇಕೆಂದು ಲಿಖಿತ ಆದೇಶ ಹೊರಟಿತು. ಸಂಘದ ವೆಬ್‌ಸೈಟಿನಿಂದ ವಿಶ್ವವಿದ್ಯಾಲಯದ ವೆಬ್‌ಸೈಟಿಗೆ ಹೋದವರು ಮರಳಿ ಬರುವುದಿಲ್ಲ, ಸಂಘ ಮರೆತುಹೋಗುತ್ತದೆ ಎಂಬುದು ಅವರ ವಾದ. ಅದನ್ನು ಹುಸಿಯೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ವನಜಮ್ಮನವರು ಆಡಳಿತ ಮಂಡಳಿಯ ಸಭೆಯಲ್ಲಿ ಕಾಲು ಗಂಟೆ ಅವಕಾಶ ಕೇಳಿದರು.

ಸಭೆಗೆ ಅವರು ಹಳೆಯ ವೆಬ್‌ಸೈಟಿನ ಪ್ರತಿಯಿದ್ದ ಕಂಪ್ಯೂಟರೊಂದನ್ನು ತಂದಿಟ್ಟರು. ಭಾಷಣ ಮಾಡಲಿಲ್ಲ. "ಸಾರ್, ತಾವೇ ಹಾಸ್ಟೆಲ್ ಅರ್ಜಿ ಹುಡುಕಿ, ನಿಯಮ ಓದಿ, ವಾಪಸ್ ಮೊದಲ ಪುಟಕ್ಕೆ ಬನ್ನಿ," ಎಂದು ಕಾರ್ಯದರ್ಶಿಗಳ ಕೈಗೇ ಮೌಸ್ ಕೊಟ್ಟರು. ವೀರಭದ್ರಯ್ಯನವರು ನಗುತ್ತಲೇ ಶುರುಮಾಡಿದರು. ನಾಲ್ಕನೆಯ ವಿಂಡೋ ಹೊತ್ತಿಗೆ ನಗು ನಿಂತಿತು. ಬಾಣ ಒತ್ತಿದರು, ಮತ್ತೆ ಒತ್ತಿದರು. ಮೂಲೆಯ ಗುರುತು ಒತ್ತಿ ಒಂದನ್ನು ಮುಚ್ಚಿದರು, ಇನ್ನೊಂದನ್ನು ಮುಚ್ಚಿದರು, ಹಾಗೆ ಮುಚ್ಚುತ್ತ ಸಂಘದ ಮೊದಲ ಪುಟವನ್ನೇ ಮುಚ್ಚಿಬಿಟ್ಟರು. ಪರದೆ ಬರಿದಾಯಿತು. ಸದಸ್ಯರೊಬ್ಬರು ಜೋರಾಗಿ ನಕ್ಕರು.

"ಏನ್ರೀ ಇದು, ನನಗೇ ಪರೀಕ್ಷೆ ಇಟ್ಟಿದೀರಾ?" ಎಂದು ಕಾರ್ಯದರ್ಶಿಗಳು ಎದ್ದರು.

"ತಮಗಲ್ಲ ಸಾರ್, ನಾನು ಕಟ್ಟಿದ್ದಕ್ಕೆ. ಅದು ಫೇಲಾಗಿದೆ," ಎಂದರು ವನಜಮ್ಮನವರು.

ಹಿರಿಯರನ್ನು ಹತ್ತು ಜನರ ಮುಂದೆ ಹಾಗೆ ಕೂರಿಸಬಾರದಿತ್ತು ಎಂದು ಅವರು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು. ಹೇಳಿದ ಮಾತನ್ನು ಮಾತ್ರ ಹಿಂತೆಗೆದುಕೊಂಡಿಲ್ಲ. ಎರಡನೆಯ ಆದೇಶ ಬಂದಾಗ ಅದರ ಕೆಳಗೇ, ಟೈಪ್ ಮಾಡಿದ ಮೂರು ಸಾಲಿನ ಉತ್ತರ ಕೊಟ್ಟರು: "ಆದೇಶವನ್ನು ಓದಿದ್ದೇನೆ. ಪಾಲಿಸಲಾರೆ. ಕಾರಣಗಳನ್ನು ಲಗತ್ತಿಸಿದೆ." 2017ರ ಜನವರಿಯಲ್ಲಿ ಕುಣಿಗಲ್ ಕಾಲೇಜಿನ ಗ್ರಂಥಾಲಯಕ್ಕೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಯುವ ಎಂಜಿನಿಯರ್ ಮುತ್ತುರಾಜ್ ಅವರಿಗೆ ಮೊದಲ ವಾರದಲ್ಲೇ ಸಿಕ್ಕ ಕೆಲಸ ಆ ಮುನ್ನೂರ ಹನ್ನೆರಡು ಸಾಲುಗಳನ್ನು ಮರಳಿ ಸೇರಿಸುವುದು.

ಮನೆಯಲ್ಲಿ ಗಂಗಣ್ಣನವರಿಗೆ ಸಿಟ್ಟು ನೆತ್ತಿಗೇರಿತ್ತು. "ಮೂವತ್ತು ವರ್ಷ ಗೇದಿದ್ದಕ್ಕೆ ಪುಸ್ತಕದ ಧೂಳು ಹೊಡೆಯೋ ಕೆಲ್ಸನಾ? ಬರ್ದ್ ಬಿಸಾಕು ರಾಜೀನಾಮೆ."

"ರಾಜೀನಾಮೆ ಕೊಟ್ರೆ ಅವರಿಗೆ ನೆಮ್ಮದಿ ಕಣ್ರೀ," ಎಂದರಂತೆ ವನಜಮ್ಮನವರು. "ನಾನ್ಯಾಕೆ ಅವರಿಗೆ ನೆಮ್ಮದಿ ಕೊಡ್ಲಿ? ಕುಣಿಗಲ್‌ಗೆ ಬಸ್ ಇದೆ, ಹೋಗ್ತೀನಿ."

ಮೂರೂವರೆ ವರ್ಷ ಹೋದರು. ಬೆಳಿಗ್ಗೆ ಏಳೂಕಾಲರ ಬಸ್ಸು, ಸಂಜೆ ಐದೂವರೆಯ ಬಸ್ಸು. ಶಿಕ್ಷೆಯೆಂದು ಕೊಟ್ಟ ಆ ಊರಿನಲ್ಲೇ ಅವರ ವಾದಕ್ಕೆ ಬೇರು ಸಿಕ್ಕಿತು. ಕುಣಿಗಲ್ ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ತಿಮ್ಮರಾಜು ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದರ ನೆರವಿನಿಂದ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೀಲಿಮಣೆಯಿಂದಲೇ ಅವರು ಗ್ರಂಥಾಲಯದ ಕಂಪ್ಯೂಟರ್ ಬಳಸುತ್ತಿದ್ದರು. ಒಂದು ದಿನ ವನಜಮ್ಮನವರು ಸಂಘದ ವೆಬ್‌ಸೈಟಿನ ಬಗ್ಗೆ ಅವರ ಅಭಿಪ್ರಾಯ ಕೇಳಿದರು. ತಿಮ್ಮರಾಜು ಅವರು ಪರದೆಯನ್ನು ಆರಿಸಿ, ಹೆಡ್‌ಫೋನ್ ತೆಗೆದು ಅವರ ಕೈಗಿಟ್ಟು, ತಮ್ಮ ಕುರ್ಚಿಯಲ್ಲಿ ಕೂರಿಸಿದರು.

ತಾವೇ ಕಟ್ಟಿದ ವೆಬ್‌ಸೈಟಿನಲ್ಲಿ, ಕಣ್ಣಿನ ಸಹಾಯವಿಲ್ಲದೆ, ವೇಳಾಪಟ್ಟಿ ಹುಡುಕಿ ಮೊದಲ ಪುಟಕ್ಕೆ ಮರಳಲು ವನಜಮ್ಮನವರಿಗೆ ನಲವತ್ತು ನಿಮಿಷ ಸಾಲಲಿಲ್ಲ. ಲಿಂಕ್ ಒತ್ತುತ್ತಲೇ ಧ್ವನಿ ಇನ್ನೊಂದು ಕಡೆಯಿಂದ ಓದತೊಡಗುತ್ತಿತ್ತು. ತಾವು ಎಲ್ಲಿದ್ದೇವೆ, ಬಂದ ದಾರಿ ಯಾವುದು, ಒಂದೂ ತಿಳಿಯುತ್ತಿರಲಿಲ್ಲ. ಹಿಂದಕ್ಕೆ ಹೋಗುವ ಕೀಲಿ ಒತ್ತಿದರೆ ಸದ್ದೇ ಇಲ್ಲ.

"ಹೊಸ ವಿಂಡೋ ಬಂದಿದೆ ಅಂತ ಎಷ್ಟೋ ಸಲ ನನಗೆ ಗೊತ್ತಾಗೋದೇ ಹಿಂದಕ್ಕೆ ಹೋಗೋಕೆ ಆಗ್ದೇ ಇದ್ದಾಗ ಮೇಡಂ," ಎಂದರು ತಿಮ್ಮರಾಜು. "ರಸ್ತೆ ದಾಟಿಸ್ತಾ ಇದ್ದೋರು ಮಧ್ಯದಲ್ಲಿ ಹೇಳ್ದೇ ಕೇಳ್ದೇ ಕೈ ಬಿಟ್ಟಂಗೆ. ನನಗೆ ಬೇರೆ ವಿಂಡೋ ಬೇಕಾದ್ರೆ ನಾನೇ ತೆಕ್ಕೋತೀನಿ, ಅದಕ್ಕೆ ಕೀ ಇದೆ. ನನ್ನ ಪರವಾಗಿ ನೀವ್ಯಾಕೆ ತೀರ್ಮಾನ ಮಾಡ್ತೀರಾ?"

ಆ ಕೊನೆಯ ಮಾತನ್ನು ವನಜಮ್ಮನವರು ಅಂದೇ ಒಂದು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದುಕೊಂಡರು. ಆ ದಿನದಿಂದ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಯಾರು ಎಲ್ಲಿ ಸಿಕ್ಕಿಕೊಂಡರು, ಎಷ್ಟು ಹೊತ್ತು, ಹೇಗೆ ಬಿಡಿಸಿಕೊಂಡರು ಎಂದು ದಿನಾಂಕ ಸಮೇತ ಬರೆಯುತ್ತ ಹೋದರು. ನಿವೃತ್ತ ಮೇಷ್ಟರೊಬ್ಬರು ಹತ್ತೊಂಬತ್ತು ವಿಂಡೋ ತೆರೆದಿದ್ದು ಅದರಲ್ಲಿದೆ. ಫೋನಿನಲ್ಲಿ ಹಿಂದಕ್ಕೆ ಒತ್ತಿದರೆ ವೆಬ್‌ಸೈಟೇ ಮಾಯವಾಗಿ ಹೆದರಿದ ಹುಡುಗಿಯಿದ್ದಾಳೆ. ನ್ಯಾಯಕ್ಕೆ ಇದೂ ಇರಲೆಂದು, ಹೊಸ ವಿಂಡೋ ತನಗೆ ಅನುಕೂಲವೇ ಎಂದ ಒಬ್ಬ ಉಪನ್ಯಾಸಕರ ಹೆಸರನ್ನೂ ಬರೆದರು. ಪ್ರತಿ ತಿಂಗಳ ಮೊದಲ ಸೋಮವಾರ ಆ ತಿಂಗಳ ಸಾರಾಂಶವನ್ನು ಪತ್ರವಾಗಿ ಟೈಪ್ ಮಾಡಿ ಕೇಂದ್ರ ಕಚೇರಿಗೆ ಕಳಿಸಿದರು. ಮೂವತ್ತೊಂಬತ್ತು ಪತ್ರಗಳು. ಒಂದಕ್ಕೂ ಉತ್ತರ ಬರಲಿಲ್ಲ. ನಲವತ್ತನೆಯದನ್ನು ಟೈಪ್ ಮಾಡುವ ಹೊತ್ತಿಗೆ ಕೊರೊನಾ ಬಂದಿತ್ತು.

2020ರಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿ, ಪ್ರವೇಶಾತಿಯಿಂದ ಹಿಡಿದು ವರ್ಗಾವಣೆ ಪತ್ರದವರೆಗೆ ಎಲ್ಲವೂ ವೆಬ್‌ಸೈಟಿನ ಮೂಲಕವೇ ನಡೆಯಬೇಕಾಯಿತು. ಅಲ್ಲಿಯವರೆಗೆ ಕಚೇರಿಗೆ ಬಂದು ಕೈಯಲ್ಲಿ ಬರೆದುಕೊಡುತ್ತಿದ್ದ ಸಾವಿರಾರು ಮನೆಗಳವರು ಸಣ್ಣ ಸಣ್ಣ ಫೋನು ಹಿಡಿದು ಕೂತರು. ಕಚೇರಿಯ ದೂರವಾಣಿ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಮುತ್ತುರಾಜ್ ಅವರು ಅಲ್ಲಿಯವರೆಗೆ ವನಜಮ್ಮನವರ ಜೊತೆ ಮಾತಾಡಿದವರೇ ಅಲ್ಲ. ಒಂದು ದಿನ ಅವರೇ ಕರೆ ಮಾಡಿದರು.

"ಮೇಡಂ, ಬೆಳಿಗ್ಗೆಯಿಂದ ಎಂಬತ್ತು ಫೋನ್ ಬಂದವೆ. ಅರ್ಧಕ್ಕರ್ಧ ಒಂದೇ ಪ್ರಶ್ನೆ. ಒತ್ತಿದ್ದು ಎಲ್ಲೋಯ್ತು, ವಾಪಸ್ ಹೆಂಗ್ ಬರೋದು. ನಿಮ್ಮ ಹತ್ರ ಒಂದು ನೋಟ್‌ಬುಕ್ ಇದೆಯಂತಲ್ಲ?"

"ಇದೆ. ಓದ್ತೀನಿ, ಬರ್ಕೋ."

ಎರಡು ದಿನ ಫೋನಿನಲ್ಲೇ ನೋಟ್‌ಬುಕ್ ಓದಿದರು. ಮೂರನೆಯ ದಿನ ಮುತ್ತುರಾಜ್ ತಮ್ಮ ಹೊಣೆಯ ಮೇಲೆ, ತಾವೇ ಸೇರಿಸಿದ್ದ ಸಾಲುಗಳನ್ನು ಕಿತ್ತರು. ಕರೆಗಳು ಒಂದು ವಾರದಲ್ಲಿ ಅರ್ಧಕ್ಕಿಳಿದವು. ಆಗಸ್ಟ್ ತಿಂಗಳಲ್ಲಿ "ಆಡಳಿತಾತ್ಮಕ ಕಾರಣಗಳಿಂದ" ಎಂಬ ಎರಡೇ ಶಬ್ದಗಳ ವಿವರಣೆಯೊಂದಿಗೆ ವನಜಮ್ಮನವರನ್ನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿ ತುಮಕೂರಿಗೆ ಕರೆಸಿಕೊಂಡ ಆದೇಶ ಹೊರಟಿತು. ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಹೋಗಿ ಆ ಕುರ್ಚಿಯಲ್ಲಿ ಕೂರುತ್ತಿದ್ದರು. ವನಜಮ್ಮನವರು ಮಾತ್ರ, ವೆಬ್‌ಸೈಟಿನ ಲಿಂಕುಗಳು ಹೇಗೆ ತೆರೆಯಬೇಕೆಂಬ ನಿರ್ಧಾರ ವಿಭಾಗಕ್ಕೇ ಬಿಟ್ಟದ್ದೆಂದು ಸಂಘದವರು ಬರವಣಿಗೆಯಲ್ಲಿ ಕೊಟ್ಟ ಮೇಲೆಯೇ ಕುಣಿಗಲ್ ಬಿಟ್ಟರು.

ಇಲ್ಲಿಗೆ ಕಥೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಗೆದ್ದ ಹುಮ್ಮಸ್ಸಿನಲ್ಲಿ ವನಜಮ್ಮನವರೂ ಒಂದು ತಪ್ಪು ಮಾಡಿದರು. ಒಂದೇ ಒಂದು ಲಿಂಕೂ ಹೊಸ ವಿಂಡೋದಲ್ಲಿ ತೆರೆಯಕೂಡದೆಂದು ನಿಯಮ ಮಾಡಿದರು. ಅರ್ಜಿ ನಮೂನೆಯ ಒಳಗಿರುವ ಲಿಂಕುಗಳ ವಿಷಯ ಬೇರೆ, ಅರ್ಧ ತುಂಬಿದವರು ನಿಯಮ ನೋಡಲೆಂದು ಒತ್ತಿದರೆ ತುಂಬಿದ್ದು ಅಳಿಸಿಹೋಗಬಹುದು ಎಂದು ಮುತ್ತುರಾಜ್ ಎಚ್ಚರಿಸಿದರು. "ನೀನೂ ಶುರುಮಾಡ್ದೇನಪ್ಪ?" ಎಂದು ವನಜಮ್ಮನವರು ಬಾಯಿ ಮುಚ್ಚಿಸಿದರು. ಹದಿನೈದು ದಿನದೊಳಗೆ ಕುಣಿಗಲ್ ಕಡೆಯ ಹಳ್ಳಿಯೊಂದರಿಂದ ಸುಶ್ಮಿತಾ ಎಂಬ ವಿದ್ಯಾರ್ಥಿನಿ ಕರೆ ಮಾಡಿದಳು. ಅಪ್ಪನ ಫೋನಿನಲ್ಲಿ ಮೂವತ್ತು ಖಾನೆ ತುಂಬಿ, ನಿಯಮಗಳನ್ನು ಒಮ್ಮೆ ನೋಡಿ ಬಂದರೆ ಎಲ್ಲ ಖಾಲಿ. ಮತ್ತೆ ತುಂಬಿ, ಮತ್ತೆ ಖಾಲಿ. ಹುಡುಗಿ ಅಳುತ್ತಿದ್ದಳು.

ವನಜಮ್ಮನವರು ಆ ಅರ್ಜಿಯನ್ನು ಫೋನಿನಲ್ಲೇ ಕೇಳಿ ಕೇಳಿ ತಾವೇ ತುಂಬಿ ಕಳಿಸಿದರು. ಮಾರನೆಯ ಬೆಳಿಗ್ಗೆ ವಿಭಾಗದ ಐವರನ್ನೂ ಕರೆದು ನಿಲ್ಲಿಸಿ, "ನಾನು ಮಾಡಿದ್ದು ತಪ್ಪು. ಮುತ್ತುರಾಜ್ ಮೊದಲೇ ಹೇಳಿದ್ದ, ನಾನು ಕೇಳ್ಲಿಲ್ಲ. ಆ ಕಡೆ ಕೂತಿರೋರನ್ನ ನೋಡ್ದೇ ನನ್ನ ಗೆಲುವನ್ನ ನೋಡ್ಕೊಂಡೆ," ಎಂದರು. ಮುತ್ತುರಾಜ್ ಅವರು ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿಯ ಕಡೆ ನೋಡಿದರು. ಅಂದೇ ವನಜಮ್ಮನವರು, ತುಂಬಿದ್ದು ತನ್ನಷ್ಟಕ್ಕೇ ಉಳಿಯುವಂತೆ ಅರ್ಜಿಯನ್ನು ಬದಲಾಯಿಸಿದರು. ಅರ್ಜಿಯ ಒಳಗಿನ ನಿಯಮಗಳ ಲಿಂಕಿನ ಪಕ್ಕದಲ್ಲಿ "ಇದು ಹೊಸ ವಿಂಡೋದಲ್ಲಿ ತೆರೆಯುತ್ತದೆ, ನಿಮ್ಮ ಅರ್ಜಿ ಹಿಂದೆ ಹಾಗೆಯೇ ಇರುತ್ತದೆ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಹಾಗೆ ತೆರೆಯುವಂತೆ ಮಾಡಿದರು. ಉಳಿದ ಯಾವುದಕ್ಕೂ ಆ ರಿಯಾಯಿತಿ ಕೊಡಲಿಲ್ಲ. ಹೇಳದೆ ಕೇಳದೆ ಯಾರನ್ನೂ ಇನ್ನೊಂದು ಕಡೆಗೆ ತಳ್ಳಬಾರದು ಎಂಬುದಷ್ಟೇ ಅವರು ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ.

ಐದು ವರ್ಷ ವೆಬ್‌ಸೈಟ್ ಹಾಗೆ ನಡೆಯಿತು. ಈ ವರ್ಷದ ಆರಂಭದಲ್ಲಿ ಸಂಘದ ವಜ್ರಮಹೋತ್ಸವಕ್ಕೆಂದು ಹೊಸ ವೆಬ್‌ಸೈಟ್ ಮಾಡಿಸುವ ಕೆಲಸವನ್ನು ಹೊರಗಿನ ಸಂಸ್ಥೆಯೊಂದಕ್ಕೆ ವಹಿಸಲಾಯಿತು. ಮೇ ತಿಂಗಳ ಮೂರನೆಯ ವಾರ ಆ ಸಂಸ್ಥೆಯ ಮ್ಯಾನೇಜರ್ ಬಂದು ದೊಡ್ಡ ಪರದೆಯ ಮೇಲೆ ತೋರಿಸಿದರು. ಚಂದವಾಗಿತ್ತು, ಬಣ್ಣ ಬಣ್ಣದ ಚಿತ್ರಗಳು ತಾವಾಗಿಯೇ ಸರಿಯುತ್ತಿದ್ದವು. ವನಜಮ್ಮನವರು ಮೌಸ್ ಕೇಳಿ ಪಡೆದು ಹಾಸ್ಟೆಲ್ ಎಂದು ಒತ್ತಿದರು. ಹೊಸ ವಿಂಡೋ ಹಾರಿ ಬಂತು. ಇನ್ನೊಂದು ಒತ್ತಿದರು, ಇನ್ನೊಂದು ವಿಂಡೋ.

"ಇದನ್ನ ತೆಗೀಬೇಕಲ್ಲಪ್ಪ," ಎಂದರು.

"ಈಗ ಎಲ್ಲರೂ ಹಿಂಗೇ ಮಾಡ್ತಾರೆ ಮೇಡಂ. ಬದಲಾಯಿಸಿದ್ರೆ ಉದ್ಘಾಟನೆ ದಿನ ಮುಂದಕ್ಕೆ ಹೋಗುತ್ತೆ."

"ಹೋಗ್ಲಿ. ದಿನಕ್ಕೇನು, ನಾಳೆನೂ ಬರುತ್ತೆ."

ಕೆಲಸ ತೃಪ್ತಿಕರವಾಗಿದೆ, ವಿಭಾಗ ಸ್ವೀಕರಿಸಿದೆ ಎಂಬ ಹಸ್ತಾಂತರ ಪತ್ರಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೇಕಿತ್ತು. ಅವರು ಹಾಕಲಿಲ್ಲ. ಈಗ ಸಂಘದ ಅಧ್ಯಕ್ಷರಾಗಿರುವ ವೀರಭದ್ರಯ್ಯನವರೇ, ಎಂಬತ್ತೊಂದರ ವಯಸ್ಸಿನಲ್ಲಿ ಕೋಲೂರಿಕೊಂಡು ಮೆಟ್ಟಿಲಿಳಿದು, ವಿಭಾಗದ ಕೋಣೆಗೆ ಬಂದರು.

"ಇನ್ನ ಹತ್ತು ದಿನ ಐತೆ ವನಜಮ್ಮ. ಸೈನ್ ಮಾಡ್ಬುಡಿ. ಆಮೇಲೆ ನಿಮಗ್ಯಾಕೆ ಇದೆಲ್ಲ ತಲೆನೋವು?"

"ಹತ್ತು ದಿನ ಇದೆಯಲ್ಲ ಸಾರ್. ಹತ್ತು ದಿನವೂ ನಾನೇ ಮುಖ್ಯಸ್ಥೆ. ಮಾಡಲ್ಲ."

"ಬೀಳ್ಕೊಡುಗೆ ಹೊತ್ನಾಗೆ ಜಗಳ ಬೇಕಾ? ಹಾರ ಹಾಕ್ಬೇಕು ಅಂತಿದೀವಿ ನಿಮಗೆ."

"ಹಾರ ಹಾಕಿ, ಹಾಕಿಸ್ಕೋತೀನಿ. ಸಹಿ ಬೇರೆ ವಿಷಯ."

ವೀರಭದ್ರಯ್ಯನವರು ಬೈಯಲಿಲ್ಲ. "ನೀವು ಬದಲಾಗಲ್ಲ ಬುಡಿ," ಎಂದು ಎದ್ದು, ಬಾಗಿಲಲ್ಲಿ ನಿಂತು, ಸಂಘಕ್ಕೆ ನಿಮ್ಮಷ್ಟು ತೊಂದರೆ ಕೊಟ್ಟೋರೂ ಇಲ್ಲ, ಬೆಳಿಗ್ಗೆ ನಿಮಗಿಂತ ಮುಂಚೆ ಬಂದೋರೂ ಇಲ್ಲ ಎಂದು ಹೇಳಿ ಹೋದರು. ಅಧ್ಯಕ್ಷರು ಈ ಮಾತನ್ನು ಸಮಾರಂಭದ ವೇದಿಕೆಯ ಮೇಲೂ ಆಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮೇ 31, ಶನಿವಾರ. ಹಾರ, ಶಾಲು, ಫಲತಾಂಬೂಲ ಎಲ್ಲವೂ ಸಾಂಗವಾಗಿ ನಡೆದವು. ಕುಣಿಗಲ್‌ನಿಂದ ತಿಮ್ಮರಾಜು ಅವರು ಬಂದಿದ್ದರು. ವನಜಮ್ಮನವರು ವೇದಿಕೆಯ ಮೇಲೆ ಎರಡೇ ನಿಮಿಷ ಮಾತಾಡಿದರು. "ನಾನು ಎಲ್ಲರ ಜೊತೆ ಹೊಂದ್ಕೊಂಡು ಹೋದೆ ಅಂತ ಮೂರು ಜನ ಹೇಳಿದ್ರಿ. ಅದು ಸುಳ್ಳು," ಎಂದಾಗ ಸಭೆ ನಕ್ಕಿತು, ಅವರು ನಗಲಿಲ್ಲ. ಸಂಜೆ ವಿಭಾಗಕ್ಕೆ ಹೋಗಿ, ಸಹಿಯಿಲ್ಲದ ಹಸ್ತಾಂತರ ಪತ್ರವನ್ನೂ ಅದರ ಜೊತೆಗೆ ಬದಲಾಗಬೇಕಾದ ಲಿಂಕುಗಳ ಪಟ್ಟಿಯನ್ನೂ ಕಡತದಲ್ಲಿ ಸೇರಿಸಿ, ದಾರ ಕಟ್ಟಿ, ಬೀಗದ ಕೈಯನ್ನು ಮುತ್ತುರಾಜ್ ಅವರಿಗೆ ಕೊಟ್ಟರು. ಏನು ಮಾಡಬೇಕು, ಏನು ಮಾಡಬಾರದು ಎಂದು ಒಂದು ಮಾತನ್ನೂ ಹೇಳಲಿಲ್ಲ.

ಜೂನ್ 2, ಸೋಮವಾರ ಬೆಳಿಗ್ಗೆ ವಿಭಾಗದ ಹೊಸ ಮುಖ್ಯಸ್ಥರಾದ ಮುತ್ತುರಾಜ್ ಅವರ ಮೇಜಿಗೆ ಆ ಕಡತ ಸಹಿಗೆಂದು ಬಂತು. ಅವರೂ ಸಹಿ ಹಾಕಿಲ್ಲ. ಈ ಸಂಪುಟ ಅಚ್ಚಿಗೆ ಹೋಗುವ ಈ ಹೊತ್ತಿನವರೆಗೆ ಹಾಕಿಲ್ಲ. ಹೊರಗಿನ ಸಂಸ್ಥೆಯವರು ಪಟ್ಟಿಯ ಪ್ರಕಾರ ಬದಲಾಯಿಸಲು ಕೂತಿದ್ದಾರೆಂದು ತಿಳಿದುಬಂದಿದೆ. ಉದ್ಘಾಟನೆಯ ದಿನ ಮುಂದಕ್ಕೆ ಹೋಗಿದೆ.

ಅರವತ್ತು ತುಂಬಿದ ವನಜಮ್ಮನವರು ಈಗ ವಾರಕ್ಕೆರಡು ದಿನ ಗುಬ್ಬಿಯ ಗ್ರಂಥಾಲಯದಲ್ಲಿ, ಅರ್ಜಿ ತುಂಬಲು ಬರುವ ಹೆಂಗಸರ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದಾರೆ. ಯಾವ ಯಾವ ಕಚೇರಿಗಳ ವೆಬ್‌ಸೈಟುಗಳಲ್ಲಿ ಜನ ಎಲ್ಲಿ ದಾರಿ ತಪ್ಪುತ್ತಾರೆಂದು ಬರೆಯಲು ಎರಡನೆಯ ನೋಟ್‌ಬುಕ್ ಶುರುವಾಗಿದೆ, ಪತ್ರಗಳೂ ಹೊರಟಿವೆ. ಮೊಣಕಾಲಿನ ನೋವು ಅವರಿಗೆ ಬಸ್ಸಿನ ಮೆಟ್ಟಿಲು ಹತ್ತುವಷ್ಟು ಬಿಡುವನ್ನು ಸದಾ ಕೊಡಲಿ. ಗಂಗಣ್ಣನವರ ಜೊತೆಗೂಡಿ ಅವರು ನೂರು ಕಾಲ ಬಾಳಲಿ, ಅಷ್ಟೂ ಕಾಲ ಕೆಲಸ ಮಾಡುತ್ತಿರಲಿ, ಮತ್ತು ಅವರ ಪತ್ರ ತಲುಪಿದ ಯಾವ ಕಚೇರಿಗೂ, ನಮ್ಮ ಸಂಘವೂ ಸೇರಿದಂತೆ, ಉತ್ತರ ಬರೆಯುವವರೆಗೆ ನೆಮ್ಮದಿ ಸಿಗದಿರಲಿ.